ಪೆಡಲ್ ಒತ್ತಿ ಹಿಡಿದವರು

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅವರ ಕಾಲೆಳೆಯುವುದು ನನಗೊಂದು ಚಟವಾಗಿತ್ತು. ಗ್ಯಾರೇಜಿನಲ್ಲಿ ಬೆಳೆದವನು ನಾನು. ಎಂಥ ಸದ್ದಿನ ಹಿಂದೆಯೂ ಒಂದು ಸಡಿಲ ಬೋಲ್ಟು ಇದ್ದೇ ಇರುತ್ತದೆ ಎಂಬುದು ನನ್ನ ಶಾಸ್ತ್ರ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯಲ್ಲಿ, ಖಾನಾಪುರ ರಸ್ತೆಗೆ ಹತ್ತಿದ ಒಂದು ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್. ಬೀಡಿಯ ವ್ಯಾಪಾರಿಯೊಬ್ಬರು ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಜೀಪು ನಮ್ಮಲ್ಲಿಗೆ ಬರುತ್ತಿತ್ತು. ನಾಲ್ಕೂ ಗಾಲಿಗೆ ಎಳೆತವಿದ್ದ ಗಟ್ಟಿ ಗಾಡಿ. ಮೊದಲು ಅದನ್ನು ಯಾರು ಓಡಿಸುತ್ತಿದ್ದರೋ ಯಾರಿಗೂ ತಿಳಿಯದು. ಅದರ ಡ್ರೈವರ್ ಪರಶ್ಯಾ ನನ್ನ ವಾರಿಗೆಯವನು. ಊರಲ್ಲಿ ಸರಿಯಾಗಿರುವ ಬ್ರೇಕು ಖಾನಾಪುರದಾಚೆ ಗುಂಜಿ ಹಳ್ಳಿಯ ಕಡೆಯ ಇಳಿಜಾರಿನಲ್ಲಿ ಕೈಕೊಡುತ್ತದೆ ಎಂದು ಅವನ ದೂರು. ಎರಡು ಸಲ ಒಳಗಿನ ರಬ್ಬರ್ ವಾಷರು ಬದಲಿಸಿ ಕಳಿಸಿದ್ದೆ. ಮೂರನೆಯ ಸಲ ಬಂದಾಗ, ತಪ್ಪು ಬ್ರೇಕಿನದಲ್ಲ, ನಿನ್ನ ಕಾಲಿನದು ಎಂದುಬಿಟ್ಟೆ. ಪರಶ್ಯಾ ಮುಖ ಊದಿಸಿಕೊಂಡು, ಹಾಗಾದರೆ ನೀನೇ ಬಂದು ನೋಡು ಎಂದ.

ಹೋದೆವು. ಶಿವರಾತ್ರಿ ಕಳೆದ ದಿನಗಳು, ಮಧ್ಯಾಹ್ನದ ಹೊತ್ತು. ಗುಂಜಿ ಇನ್ನೇನು ಬಂತು ಅನ್ನುವಾಗ ಪೆಡಲ್ ಒಮ್ಮೆಲೇ ನೆಲಕ್ಕಿಳಿಯಿತು. ಪರಶ್ಯಾ ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಹಿಂದಿನ ಗಾಲಿಗೆ ಹೋಗುವ ಪೈಪಿನ ಜೋಡಣೆ ಸಡಿಲಾಗಿ, ಗಾಡಿ ಜೋರಾಗಿ ಅಲುಗಿದಾಗ ಮಾತ್ರ ಬ್ರೇಕ್ ಆಯಿಲ್ ಸೋರುತ್ತಿತ್ತು. ನನ್ನದೇ ಕಣ್ತಪ್ಪು. ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

ನಾನು ಜೋಡಣೆ ಬಿಗಿಯುತ್ತಿದ್ದಾಗ ಹತ್ತಿರದ ಮನೆಯಿಂದ ಒಬ್ಬ ಅಜ್ಜಿ ಓಡಿಬಂದಳು. ಸೊಸೆಗೆ ನಿನ್ನೆಯಿಂದ ಹೆರಿಗೆ ನೋವು, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಇನ್ನು ರೈಲು ಇರುವುದು ಸಂಜೆಗೆ. ಖಾನಾಪುರದ ದವಾಖಾನೆಗೆ ಮುಟ್ಟಿಸಿ ಪುಣ್ಯ ಕಟ್ಟಿಕೊಳ್ಳಿ ಎಂದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಕೈಮುಗಿದಳು. ಅರ್ಧ ತಾಸು ಕೊಡ್ರಿ ಆಯಿ ಎಂದು ಹೇಳಿ, ಡಬ್ಬಿಯಲ್ಲಿದ್ದ ಆಯಿಲ್ ತುಂಬಿ ಗಾಡಿಯ ಕೆಳಗೆ ನುಸುಳಿದೆ.

ಆಯಿಲ್ ಸೋರಿದ ಬ್ರೇಕಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಕೆಳಗೆ ಮಲಗಿ ಗಾಲಿಯ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗಾಳಿ ಹೊರಗೆ ಬಿಟ್ಟು, ಮತ್ತೆ ಬಿಗಿಯಬೇಕು. ಕೆಳಗಿನವನು ಬಿಡು ಎನ್ನುವ ಮೊದಲೇ ಮೇಲಿನವನು ಕಾಲೆತ್ತಿದರೆ ಮಾಡಿದ್ದೆಲ್ಲ ನೀರುಪಾಲು. ಮೇಲಿನವನು ಪ್ರತಿ ಸಲ 'ಹಿಡದೇನಿ' ಎಂದು ಹೇಳುವುದು ನಮ್ಮ ರೂಢಿ. ನನಗೆ ಕೆಲಸ ಕಲಿಸುವಾಗ ಉಸ್ತಾದರು ಹೇಳಿದ್ದು ಇಷ್ಟೇ: "ಬಿಡು ಅನ್ನೂತನಕ ಸತ್ತರೂ ಕಾಲ ತಗೀಬ್ಯಾಡ."

ಮೊದಲ ಗಾಲಿಗೆ ಪರಶ್ಯಾ ಬಿಗುಮಾನದಿಂದಲೇ ಹಿಡದೇನಿ ಅಂದ. ಎರಡನೆಯದಕ್ಕೆ ದನಿ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಒತ್ತು ಅಂದಾಗ ಒತ್ತುವುದು, ಬಿಡು ಅಂದಾಗ ಬಿಡುವುದು ಸರಿಯಾಗಿಯೇ ನಡೆದಿತ್ತಲ್ಲ. ನಿಜ ಹೇಳಬೇಕೆಂದರೆ, ಅಷ್ಟು ನಿಗಾದಿಂದ ಅವನು ಎಂದೂ ಒತ್ತಿದವನಲ್ಲ. ಮೂರನೆಯ ಗಾಲಿಗೂ ಅದೇ ಮೌನ. ನಾಲ್ಕನೆಯದು ಮುಗಿಯುವ ಹೊತ್ತಿಗೆ ನನಗೂ ರೇಗಿತ್ತು. ನಿಪ್ಪಲ್ ಬಿಗಿದವನೇ, ಬಿಡು ಅನ್ನುವುದನ್ನು ಮರೆತು, ಅವನಿಗೆ ನಾಲ್ಕು ಮಾತು ಅನ್ನಬೇಕೆಂದು ಹೊರಬಂದೆ.

ಸೀಟು ಖಾಲಿ ಇತ್ತು. ಪೆಡಲ್ ನೆಲಕ್ಕೆ ಹತ್ತಿಕೊಂಡಿತ್ತು.

ಸ್ಪ್ರಿಂಗ್ ಮುರಿದಿರಬೇಕೆಂದು ಬಗ್ಗಿ ನೋಡಿದೆ. ಅದು ಗಟ್ಟಿಮುಟ್ಟಾಗಿ, ಪೂರ್ತಿ ಜಗ್ಗಿಕೊಂಡು ನಿಂತಿತ್ತು. ಎರಡೂ ಕೈ ಹಾಕಿ ಪೆಡಲ್ ಎತ್ತಲು ನೋಡಿದೆ. ಕೂದಲೆಳೆಯಷ್ಟೂ ಏಳಲಿಲ್ಲ. ಅತ್ತ ಪರಶ್ಯಾ ಮತ್ತು ಆ ಮನೆಯವರು ಹೆಂಗಸನ್ನು ಹೊರಸಿನ ಮೇಲೆ ಹೊತ್ತು ತರುತ್ತಿದ್ದರು. ಅವಳ ನರಳಾಟ ನನ್ನವರೆಗೂ ಕೇಳಿಸುತ್ತಿತ್ತು. ಗಾಲಿಗಳು ಹೀಗೇ ಕಚ್ಚಿಕೊಂಡಿದ್ದರೆ ಗಾಡಿ ಒಂದಡಿ ಕದಲುವಂತಿರಲಿಲ್ಲ. ಉಸ್ತಾದರ ಮಾತು ನೆನಪಿಗೆ ಬಂತು. ಸೀಟಿನ ಕಡೆ ನೋಡದೆ, ಯಾರಿಗೂ ಕೇಳದಂತೆ, "ಬಿಡ್ರಿ" ಅಂದೆ.

ಪೆಡಲ್ ಮೇಲೆದ್ದಿತು. ಒಮ್ಮೆಲೇ ಅಲ್ಲ, ದಣಿದವರು ಕಾಲು ತೆಗೆಯುವ ಹಾಗೆ, ನಿಧಾನವಾಗಿ.

ಮೊದಲ ಗಾಲಿ ಮುಗಿದಾಗಲೇ ಹೊರಸಿಗೆ ಹೆಗಲು ಕೊಡಲು ಅಜ್ಜಿ ಕರೆದಳೆಂದು ಪರಶ್ಯಾ ಹೋಗಿದ್ದನಂತೆ. ನನಗೆ ಹೇಳಿಯೇ ಹೋದೆ ಎಂದ. ಹೇಳಿರಬೇಕು, ಬೋಲ್ಟು ಬಿಗಿಯುವ ಪಾನಾದ ಸದ್ದಿನಲ್ಲಿ ನನಗೆ ಕೇಳಿಸಿರಲಿಕ್ಕಿಲ್ಲ. ನಾನು ಕಂಡದ್ದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ, ಆ ಹೆಂಗಸು ಅಲ್ಲೇ ಉಳಿಯುತ್ತಿದ್ದಳು. ಆದರೂ ಎರಡು ಜೀವಗಳನ್ನು ಅಂಥ ಬ್ರೇಕಿನ ಮೇಲೆ ಭಾರ ಹಾಕಿ ಕೂಡಿಸಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಖಾನಾಪುರ ಮುಟ್ಟುವವರೆಗೆ ನಾನು ರಸ್ತೆ ನೋಡಲಿಲ್ಲ, ಪರಶ್ಯಾನ ಪಾದವನ್ನೇ ನೋಡುತ್ತಿದ್ದೆ. ಪ್ರತಿ ಇಳಿಜಾರಿನಲ್ಲೂ ಬ್ರೇಕು ಗಟ್ಟಿಯಾಗಿ ಹಿಡಿಯಿತು. ಕತ್ತಲಾಗುವ ಮೊದಲೇ ಹೆಣ್ಣುಮಗು ಹುಟ್ಟಿತು, ತಾಯಿಯೂ ಉಳಿದಳು. ಅಜ್ಜಿ ನನ್ನ ಎರಡೂ ಕೈ ಹಿಡಿದು ಅತ್ತಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಪರಶ್ಯಾ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಬಲಗಾಲಿನ ಚಪ್ಪಲಿ ಕಳಚಿ, ಬಹಳ ಹೊತ್ತು ಪಾದ ತಿಕ್ಕಿಕೊಂಡ. ಇನ್ನು ಈ ಜೀಪನ್ನು ಬೇರೆ ಯಾರಾದರೂ ಓಡಿಸಲಿ ಎಂದ. ಯಾಕೆಂದು ಕೇಳಿದೆ.

"ದಾರಿ ತುಂಬಾ ನನ್ನ ಕಾಲು ಪೆಡಲ್ ಮ್ಯಾಲ ಇರಲಿಲ್ಲಪಾ," ಅಂದ. "ಇನ್ನೊಬ್ಬರ ಕಾಲಿನ ಮ್ಯಾಲ ಇತ್ತು."

ವ್ಯಾಪಾರಿ ಮುಂದೆ ಆ ಜೀಪನ್ನು ಯಾರಿಗೋ ಮಾರಿದರು. ನಾನು ಮತ್ತೆ ಅದರ ಕೆಳಗೆ ಮಲಗಲಿಲ್ಲ. ಸಡಿಲ ಬೋಲ್ಟು ಹುಡುಕುವ ನನ್ನ ಶಾಸ್ತ್ರವನ್ನೆಲ್ಲ ಹಚ್ಚಿ ನೋಡಿದೆ, ಏನೂ ಸಿಗಲಿಲ್ಲ. ನಾನಂತೂ ಬಿಡ್ರಿ ಅಂದಿದ್ದೆ, ಪೆಡಲ್ ಮೇಲೆದ್ದೂ ಇತ್ತು. ಆಮೇಲೂ ದಾರಿ ತುಂಬಾ ಅವರು ಯಾಕೆ ಕಾಲು ತೆಗೆದಿರಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.