ಅಡಿಲೇಡಿನ ಉತ್ತರಾಯಣ

"ಅಮ್ಮಾ, ಐ ಕಾಂಟ್ ಸೇ ದಿಸ್. ಇಟ್ಸ್ ನಾಟ್ ಟ್ರೂ."

ನಾಳೆಯೇ ಅಡಿಲೇಡ್ ಕನ್ನಡಿಗರ ಸಂಕ್ರಾಂತಿ ಕಾರ್ಯಕ್ರಮ. ನಾನು ಎಳ್ಳು ಬೀರಲು ಕೊಬ್ಬರಿ ಹೆಚ್ಚುತ್ತಿದ್ದೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಎ.ಸಿ. ಇದ್ದರೂ ಬೆಲ್ಲ ಬೆವರುತ್ತಿತ್ತು. ಎದುರಿಗೆ ಮಗಳು ಸಾನ್ವಿ. ಕೈಯಲ್ಲಿ ನಾನೇ ಬರೆದುಕೊಟ್ಟ ಭಾಷಣ.

ಇನ್ನೇನು ಇಯರ್ ಸೆವೆನ್‌ಗೆ ಹೋಗುವ ಹುಡುಗಿ. ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. (ನಿಮ್ಮ ಮನೆಯಲ್ಲೂ ಹಾಗೇ ತಾನೆ?) ಅಂಥವಳು ಮೊದಲ ಸಲ ವೇದಿಕೆ ಹತ್ತಿ ಕನ್ನಡ ಮಾತಾಡಲು ಒಪ್ಪಿದ್ದಳು. ಮೈಸೂರಿನಲ್ಲಿ ನನ್ನ ಅಮ್ಮ ವಿಡಿಯೋ ಕಾಲ್‌ಗೆ ಕಾದು ಕೂತಿದ್ದರು. ಈಗ ಇವಳು ಕೈಕೊಟ್ಟರೆ?

"ಯಾವುದು ಸುಳ್ಳು?" ಅಂದೆ.

ಬೆರಳಿಟ್ಟು ತೋರಿಸಿದಳು. "ಇಂದಿನಿಂದ ಉತ್ತರಾಯಣ. ಸೂರ್ಯ ಉತ್ತರಕ್ಕೆ ಸಾಗುತ್ತಾನೆ. ಹಗಲು ಹೆಚ್ಚುತ್ತದೆ, ಚಳಿ ಕಡಿಮೆಯಾಗುತ್ತದೆ."

ಅಯ್ಯೋ, ಸಂಕ್ರಾಂತಿ ಭಾಷಣ ಅಂದಮೇಲೆ ಈ ಸಾಲು ಇರಲೇಬೇಕಲ್ಲ! ಸ್ಕೂಲಿನಲ್ಲಿ ನಾನೂ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದವಳು.

"ಚಳಿ ಎಲ್ಲಿದೆ ಅಮ್ಮಾ? ಲುಕ್ ಔಟ್‌ಸೈಡ್!"

ಆಮೇಲೆ ನಡೆದದ್ದು ಸೈನ್ಸ್ ಕ್ಲಾಸು. ಒಂದು ಕಿತ್ತಳೆ ಹಣ್ಣು ತಂದಳು. ಬಾರ್ಬಿಗೆ (ಬೊಂಬೆಯಲ್ಲ, ಕೆಂಡದಲ್ಲಿ ಸುಡುವ ಊಟ) ಇಟ್ಟಿದ್ದ ಬಿದಿರುಕಡ್ಡಿಯನ್ನು ಅದಕ್ಕೆ ಚುಚ್ಚಿದಳು. "ದಿಸ್ ಈಸ್ ದಿ ಆಕ್ಸಿಸ್."

"ಅಕ್ಷ" ಅಂದೆ.

ಮೇಲ್ಭಾಗದಲ್ಲಿ ಒಂದು ಲವಂಗ ಚುಚ್ಚಿದಳು, ಅದು ಮೈಸೂರು. ಕೆಳಗೊಂದು, ಅಡಿಲೇಡ್. ಟೇಬಲ್ ಮೇಲಿನ ದೀಪವೇ ಸೂರ್ಯ. ಕಡ್ಡಿಯನ್ನು ಕೊಂಚ ಓರೆಯಾಗಿ ಹಿಡಿದು, ಆ ಓರೆ ಬದಲಾಗದಂತೆ ಟೇಬಲ್ ಸುತ್ತ ಹೊರಟಳು. ಈ ದಾರಿಗೆ ಕಕ್ಷೆ ಅಂತಾರೆ ಅಂದೆ. ಹಣ್ಣು ತನ್ನ ಸುತ್ತ ತಿರುಗಿದರೆ ದಿನ, ದೀಪದ ಸುತ್ತ ಹೋದರೆ ವರ್ಷ. ಕೊಬ್ಬರಿ ಮರೆತು ನಾನೂ ಹಿಂದೆ ಹಿಂದೆ ಸುತ್ತಿದೆ. ಮೈಸೂರಿನ ಲವಂಗಕ್ಕೆ ಬೆಳಕು ಹೆಚ್ಚಿದಂತೆಲ್ಲ ನಮ್ಮದಕ್ಕೆ ಕಡಿಮೆ!

ಇಷ್ಟು ವರ್ಷ ಇಲ್ಲಿ ಬೇಸಿಗೆಯಲ್ಲಿ ಬೇಯುತ್ತಾ ಚಳಿ ಹೋಯಿತು ಅಂತ ಚಪ್ಪಾಳೆ ತಟ್ಟಿದ್ದೇವೆ. ಒಬ್ಬರಿಗಾದರೂ ಹೊಳೆಯಬಾರದೇ? (ಸೂರ್ಯ ನಿಜಕ್ಕೂ ಡಿಸೆಂಬರಿನಲ್ಲೇ ತಿರುಗಿಬಿಟ್ಟಿರುತ್ತಾನಂತೆ. ಅದನ್ನು ನಾನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.)

ಈ ಸಾಲು ಬದಲಿಸೋಣವೇ ಅಂತ ಕಾರ್ಯಕ್ರಮ ನಡೆಸುವ ಮೂರ್ತಿ ಅಂಕಲ್‌ಗೆ ಫೋನ್ ಮಾಡಿದೆ. "ಹಬ್ಬದ ದಿನ ಜಿಯಾಗ್ರಫಿ ಯಾಕಮ್ಮ? ಸಂಪ್ರದಾಯ ಅಂತ ಒಂದಿರುತ್ತಲ್ಲ. ಇದ್ದ ಹಾಗೆ ಹೇಳ್ಬಿಡ್ಲಿ" ಅಂದರು.

ನನಗೂ ಧೈರ್ಯ ಸಾಲಲಿಲ್ಲ. "ಅಜ್ಜಿ ಕಾಯ್ತಿರ್ತಾರೆ ಪುಟ್ಟಿ, ಹೇಳ್ಬಿಡು."

"ದೆನ್ ಯೂ ಸೇ ಇಟ್" ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಮಾಡ್ಬರಿ ಬಡಾವಣೆಯ ಹಾಲ್. ರೇಷ್ಮೆ ಸೀರೆಯಲ್ಲಿ ನಾವೆಲ್ಲ ಬೆಂದು ಹೋಗಿದ್ದೆವು. ಸಾನ್ವಿ ಹೆಸರು ಕರೆದರು. ಬರುತ್ತಾಳೋ ಇಲ್ಲವೋ ಅಂತ, ಅಮ್ಮನ ವಿಡಿಯೋ ಕಾಲ್ ಹಿಡಿದೇ ಕತ್ತು ಚಾಚಿದೆ. ಬಂದಳು, ಕೈಯಲ್ಲಿ ಹಾಳೆ ಇರಲಿಲ್ಲ.

"ಇವತ್ತಿನಿಂದ ಉತ್ತರಾಯಣ" ಅಂದಳು. ಮೂರ್ತಿ ಅಂಕಲ್ ತಲೆದೂಗಿದರು. "ಸೂರ್ಯ ಉತ್ತರಕ್ಕೆ ಹೋಗ್ತಾನೆ. ಇಲ್ಲಿ ಹಗಲು ಚಿಕ್ಕದಾಗುತ್ತೆ. ಮೈಸೂರಲ್ಲಿ ದೊಡ್ಡದಾಗುತ್ತೆ."

ಹಾಲ್‌ನಲ್ಲಿ ಪಿಸುಪಿಸು. ಅವಳು ನನ್ನ ಕೈಯಲ್ಲಿದ್ದ ಫೋನಿನತ್ತ ತಿರುಗಿದಳು.

"ಅಜ್ಜಿ, ಸೂರ್ಯ ನಿಮ್ಮ ಮನೆಗೆ ಬರ್ತಿದ್ದಾನೆ. ಜೂನಲ್ಲಿ ವಾಪಸ್ ಕಳಿಸಿ. ಇಲ್ಲಿ ನಮಗೆ ಚಳಿ ಆಗುತ್ತೆ."

ಹಾಲ್ ತುಂಬ ನಗು, ಚಪ್ಪಾಳೆ. ಫೋನಿನೊಳಗೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ "ಕಳಿಸ್ತೀನಿ ಕಂದಾ, ಖಂಡಿತ ಕಳಿಸ್ತೀನಿ" ಅನ್ನುತ್ತಿದ್ದರು. ನಾನಂತೂ ನಾಚಿಕೆ ಬಿಟ್ಟು ಅತ್ತೆ. ಅಜ್ಜಿಯ ಜೊತೆ ಅವಳು ಅಷ್ಟುದ್ದ ಕನ್ನಡ ಮಾತಾಡಿದ್ದು ಅದೇ ಮೊದಲು.

ಮೂರ್ತಿ ಅಂಕಲ್ ಬಂದು ಅವಳ ಕೈಗೆ ಪೊಟ್ಟಣ ಇಟ್ಟರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಮ್ಮ."

ಒಳ್ಳೆ ಮಾತಿಗೆ ಸಂಕ್ರಾಂತಿ ಇದೆ, ಸರಿ. ನಿಜ ಮಾತಾಡು ಅಂತ ಮಕ್ಕಳಿಗೆ ನಾವು ಹೇಳೋದು ಯಾವ ಹಬ್ಬಕ್ಕೆ?