ನೂರು ಕಿಲೋದೊಳಗಿನ ಧರ್ಮಣ್ಣ

ಪುಣೆಯ ಖರಾಡಿಯಲ್ಲಿ ಮೂವತ್ತೆರಡು ಮಹಡಿಯ ಜೋಡಿ ಕಟ್ಟಡ ಏಳುತ್ತಿರುವ ಜಾಗಕ್ಕೆ ಹೋಗಿ, ಧರ್ಮಣ್ಣ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ಬಾಯಿ ಬಿಡುವುದಿಲ್ಲ, ಬೆರಳೆತ್ತಿ ಆಕಾಶ ತೋರಿಸುತ್ತಾರೆ. ಹೊಸಬರೊಬ್ಬರು ಗಾಬರಿಯಾಗಿ "ಅಯ್ಯೋ ಪಾಪ, ಯಾವಾಗ?" ಎಂದು ಕೇಳಿದ್ದೂ ಉಂಟು. ಧರ್ಮಣ್ಣನಿಗೆ ಏನೂ ಆಗಿಲ್ಲ ಮಾರಾಯರೇ, ಕಲ್ಲುಗುಂಡಿನ ಹಾಗಿದ್ದಾನೆ. ಅವನು ಟವರ್ ಕ್ರೇನಿನ ಆಪರೇಟರು, ಅಷ್ಟೆ.

ಊರು ಶಹಾಪುರದ ಕಡೆ. ಹತ್ತೊಂಬತ್ತನೇ ವಯಸ್ಸಿಗೆ ಬುಟ್ಟಿ ಹೊರಲು ಪುಣೆಗೆ ಬಂದವನು, ಈಗ ನಲವತ್ತಾರು. ನಡುವೆ ಒಬ್ಬ ಮುದಿ ಆಪರೇಟರನ ಕಾಲು ಹಿಡಿದು ಕ್ರೇನು ಕಲಿತ. ಅಂದಿನಿಂದ ಇಪ್ಪತ್ತೊಂದು ವರ್ಷ ಅವನ ಹಗಲೆಲ್ಲ ಕ್ರೇನಿನ ಮೇಲಿನ ಆ ಗಾಜಿನ ಕೋಣೆಯಲ್ಲೇ ಕಳೆದಿದೆ. ನೆಲದ ಮೇಲೆ ನಿಂತರೆ ಅವನನ್ನು ಯಾರಾದರೂ 'ಏ, ಸರಿ ಅತ್ತಾಗೆ' ಎನ್ನಬಹುದು. ಮೇಲೆ ಕೂತರೆ ಇಂಜಿನಿಯರ್ ಕೂಡ ಕತ್ತೆತ್ತಿ ಮಾತಾಡಬೇಕು. ಆ ಕೋಣೆ ಇಲ್ಲದ ಧರ್ಮಣ್ಣ ಯಾರು ಎಂಬ ಪ್ರಶ್ನೆ ಅವನಿಗೆ ಬೇಕಾಗಿರಲಿಲ್ಲ.

ಈಗ ಅವನ ಹೊಟ್ಟೆಯ ಕಥೆ. ಒಂದು ಸೈಟಿನಲ್ಲಿ ಕ್ರೇನು ಒಂದೋ ಎರಡೋ, ಕಾಯುವ ಗುಂಪು ಹತ್ತು. ಸರಳು ಕಟ್ಟುವವರಿಗೆ ಸರಳು ಬೇಕು, ಸೆಂಟ್ರಿಂಗ್‌ನವರಿಗೆ ಹಲಗೆ ಬೇಕು, ಕಾಂಕ್ರೀಟಿನವರಿಗೆ ಬಕೆಟ್ಟು ಬೇಕು. ಯಾರ ಮಾಲು ಮೊದಲು ಏರಬೇಕೆಂದು ಕಾಗದದಲ್ಲಿ ಇಂಜಿನಿಯರ್ ಬರೆದಿರುತ್ತಾನೆ, ನಿಜದಲ್ಲಿ ಅದು ಆಪರೇಟರನ ಮನಸ್ಸಿನಲ್ಲಿರುತ್ತದೆ. ಆ ಮನಸ್ಸಿಗೆ ದಾರಿ ಎಲ್ಲಿಂದ ಹೋಗುತ್ತದೆ ಎಂದು ಬೇರೆ ಹೇಳಬೇಕೆ? ಕ್ಯಾಬಿನ್ನಿನಿಂದ ಒಂದು ಹಗ್ಗ ಇಳಿಬಿಟ್ಟಿರುತ್ತಾನೆ, ಅದರ ತುದಿಗೆ ಒಂದು ಚೀಲ. ಬೆಳಿಗ್ಗೆ ಎಂಟಕ್ಕೆ ಬಿಹಾರದವರು ಕೆಂಡದಲ್ಲಿ ಸುಟ್ಟ ಲಿಟ್ಟಿ ಏರುತ್ತದೆ, ಹತ್ತಕ್ಕೆ ಬಿಸಿ ವಡಾಪಾವ್, ಒಂದಕ್ಕೆ ನಮ್ಮ ಕಡೆಯವರ ಶೇಂಗಾ ಹೋಳಿಗೆ, ನಾಲ್ಕಕ್ಕೆ ಯಾರದೋ ಮನೆಯಲ್ಲಿ ಕೂಸಿಗೆ ಹೆಸರಿಟ್ಟ ಬಾರಸೆಯ ಪೇಢೆ. ಹತ್ತು ತಾಸು ಕೂತಲ್ಲೇ ಕೂತು, ಎರಡು ಹಿಡಿಕೆ ಅಲ್ಲಾಡಿಸುತ್ತ, ಧರ್ಮಣ್ಣ ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ತಿಂದ. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಸ್ವಂತ ಹೆಂಡತಿ ತಿಪ್ಪವ್ವ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ಇಡೀ ಖರಾಡಿ ಅಲ್ಲಿ ಉಣ್ಣುತ್ತಿತ್ತು, ಗಂಡನೊಬ್ಬನನ್ನು ಬಿಟ್ಟು.

ಹೋದ ವರ್ಷ ಜೂನ್‌ನಲ್ಲಿ ಹೊಸ ಸೇಫ್ಟಿ ಆಫೀಸರ್ ಬಂದಳು, ಹರ್ಷದಾ ಅಂತ. ಇಪ್ಪತ್ತೇಳರ ಹುಡುಗಿ, ನಗುನಗುತ್ತಲೇ ಕೆಲಸ ನಿಲ್ಲಿಸುವವಳು. ಎಲ್ಲರನ್ನೂ ತೂಕದ ಯಂತ್ರದ ಮೇಲೆ ಹತ್ತಿಸಿದಳು. ಧರ್ಮಣ್ಣ ಹತ್ತಿದಾಗ ಅಂಕಿ ನೂರೊಂಬತ್ತಕ್ಕೆ ಹೋಗಿ ನಿಂತಿತು. ಅವಳು ಅವನ ಸೇಫ್ಟಿ ಬೆಲ್ಟಿನ ಹಿಂದೆ ಹೊಲಿದಿದ್ದ ಚೀಟಿ ತೋರಿಸಿ, ಮರಾಠಿಯಲ್ಲಿ ಮೆತ್ತಗೆ ಹೇಳಿದಳು, "ಕಾಕಾ, ಈ ಬೆಲ್ಟು ನೂರು ಕಿಲೋದವರೆಗೆ ಮಾತ್ರ. ಮೂರು ತಿಂಗಳು ಕೊಡ್ತೀನಿ. ಆಮೇಲೆ ಪ್ರತಿ ಆರು ತಿಂಗಳಿಗೆ ಪರೀಕ್ಷೆ. ನೂರು ದಾಟಿದರೆ ಏಣಿ ಹತ್ತೋ ಹಾಗಿಲ್ಲ."

ಅಂದು ಸಂಜೆ ಧರ್ಮಣ್ಣ ಖಾನಾವಳಿಯ ಬೆಂಚಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ರೊಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ ಮಂಡ್ಯದ ಹುಡುಗಿ ಧನುಶ್ರೀಗೆ ವಿಷಯ ತಿಳಿಯಿತು. ಎದುರಿನ ಐಟಿ ಪಾರ್ಕಿನಲ್ಲಿ ಅವಳ ಕೆಲಸ, ಮೊಬೈಲಿನಲ್ಲಿ ಅವಳ ಜೀವ.

"ಅಂಕಲ್, ಟೆನ್ಶನ್ನೇ ಬೇಡ. ನಾನು ಎರಡು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಸಿದೀನಿ. ರೊಟ್ಟಿ, ಅನ್ನ, ಶೇಂಗಾ, ಸ್ವೀಟು, ಎಲ್ಲಾ ಕಂಪ್ಲೀಟ್ ಬಂದ್ ಮಾಡ್ಬಿಡಿ. ಬೆಳಗ್ಗೆ ಓಟ್ಸು, ಮಧ್ಯಾಹ್ನ ಬೇಯಿಸಿದ ಕಾಳು, ಸಂಜೆ ಆರಕ್ಕೆ ಸೂಪು. ಆಮೇಲೆ ನೀರು ಮಾತ್ರ."

"ರೊಟ್ಟಿ ಬಿಟ್ರ ಮನಷ್ಯಾ ಬದುಕ್ತಾನೇನವ್ವ?" ಎಂದು ತಿಪ್ಪವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ನಾನು ಬದುಕಿಲ್ವಾ ಆಂಟಿ?" ಎಂದಳು ಧನುಶ್ರೀ, ನಾಲ್ಕು ರೊಟ್ಟಿಯ ಪೊಟ್ಟಣ ಚೀಲಕ್ಕೆ ಹಾಕಿಕೊಳ್ಳುತ್ತ. ಅದು ರೂಮ್‌ಮೇಟಿಗಂತೆ.

ಧರ್ಮಣ್ಣ ಹಿಡಿದರೆ ಉಡದ ಪಟ್ಟು. ಮಾರನೇ ದಿನ ಹಗ್ಗ ಸುತ್ತಿ ಮೇಲೆತ್ತಿಬಿಟ್ಟ. ಚೀಲ ಕೆಳಗೆ ಬರಲಿಲ್ಲ. ಮೊದಲ ದಿನ ಎಲ್ಲರೂ ನಕ್ಕರು. ನಾಲ್ಕನೇ ದಿನ ಯಾರೂ ನಗಲಿಲ್ಲ. ಸರಳಿನವರು ಇವನಿಗೆ ದೊಡ್ಡದೇನೋ ಕೊಟ್ಟು ಬುಕ್ ಮಾಡಿದ್ದಾರೆ ಎಂದು ಸೆಂಟ್ರಿಂಗ್‌ನವರು ಅಂದುಕೊಂಡರು. ಸರಳಿನವರು, ಇದು ಸೆಂಟ್ರಿಂಗ್‌ನವರದೇ ಕಿತಾಪತಿ ಎಂದುಕೊಂಡರು. ಬಿಹಾರದವರ ಮೇಸ್ತ್ರಿಯಾದ ಮುಕಾದಮ ಸಂಜೆ ಕೈಮುಗಿದು ನಿಂತು, ನಮ್ಮ ಲಿಟ್ಟಿಯಲ್ಲಿ ಏನು ತಪ್ಪಾಯಿತು ಅಣ್ಣಾ ಎಂದು ಕೇಳಿದಾಗ ಧರ್ಮಣ್ಣನಿಗೆ ಅಳುವೇ ಬಂತು. ಡಯಟು ಎಂದು ಹೇಳಿದರೆ ಯಾರೂ ನಂಬಲಿಲ್ಲ. ಉಣ್ಣಲು ಸಿಕ್ಕಿಯೂ ಉಣ್ಣದವನನ್ನು ಸೈಟಿನಲ್ಲಿ ಯಾರು ನಂಬುತ್ತಾರೆ?

ಮನೆಯಲ್ಲೂ ಅದೇ ಗೋಳು. ಓಟ್ಸನ್ನು ಬಾಯಿಗಿಟ್ಟುಕೊಂಡಾಗಲೆಲ್ಲ ಗೋಡೆಗೆ ಹಚ್ಚುವ ಪೇಸ್ಟು ನೆನಪಾಗುತ್ತಿತ್ತು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿದರೆ ಕನಸಿನಲ್ಲಿ ಎಣ್ಣೆಗಾಯಿ. ಮೊದಲು ನಗುನಗುತ್ತ ಮಾತಾಡುತ್ತಿದ್ದವನು ವಾಕಿಟಾಕಿಯಲ್ಲಿ ಎಲ್ಲರ ಮೇಲೂ ಹರಿಹಾಯತೊಡಗಿದ. ಗುಜರಿ ಅಂಗಡಿಯವನ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ನಿಲ್ಲುವನು, ಅವನೋ "ಈ ಮಾಲು ದಿನೇ ದಿನೇ ಕಮ್ಮಿ ಆಗ್ತಿದೆ, ರೇಟು ಬರಲ್ಲ" ಎಂದು ಕಾಡಿಸುವನು. ಆದರೂ ಮಾಲು ಕಮ್ಮಿಯಾಗುತ್ತಿದ್ದದ್ದು ನಿಜ. ಐವತ್ತೆರಡನೇ ದಿನ, ಒಂದು ಕಟ್ಟು ಸರಳು ಗಾಳಿಯಲ್ಲಿ ತೂಗುತ್ತಿದ್ದಾಗ, ಧರ್ಮಣ್ಣನಿಗೆ ಕಣ್ಣು ಕತ್ತಲೆ ಬಂತು. ಎರಡೇ ಕ್ಷಣ. ಕೈ ಹಿಡಿಕೆ ಬಿಟ್ಟಿತು, ಕ್ರೇನು ತನ್ನಷ್ಟಕ್ಕೇ ನಿಂತಿತು, ಕೆಳಗೆ ಹದಿನಾಲ್ಕು ಮಂದಿ ಇದ್ದರು. ಅವನು ಆ ಸಂಗತಿಯನ್ನು ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ತೂಕ ತೊಂಬತ್ತೆಂಟೂವರೆ ಬಂತು. ಹರ್ಷದಾ ಚಪ್ಪಾಳೆ ತಟ್ಟಿದಳು. ಧರ್ಮಣ್ಣ ನೇರ ಖಾನಾವಳಿಗೆ ಬಂದು, "ತಿಪ್ಪವ್ವಾ, ರೊಟ್ಟಿ ಹಾಕು" ಎಂದ. ಏಳು ರೊಟ್ಟಿ ಹೋದವು. ಎಂಟನೆಯದಕ್ಕೆ ಹಿಟ್ಟು ಮುಗಿದಿತ್ತು.

ಮರುದಿನ ಹಗ್ಗ ಇಳಿಯಿತು, ನೋಡಿ, ಸೈಟಿಗೆಲ್ಲ ಹಬ್ಬ! ಮೂರು ತಿಂಗಳ ಬಾಕಿಯೆಂಬಂತೆ ಲಿಟ್ಟಿ, ಹೋಳಿಗೆ, ಪೇಢೆ ಏರಿದವು. ಮುನಿದಿದ್ದವರೆಲ್ಲ ರಾಜಿಯಾದರು. ದಸರೆ, ದೀಪಾವಳಿ, ಎಳ್ಳ ಅಮಾವಾಸ್ಯೆಯ ಭಜ್ಜಿ ಕಡುಬು, ಸಂಕ್ರಾಂತಿಯ ಎಳ್ಳುಂಡೆ ತಿಳಗೂಳ, ಒಂದರ ಹಿಂದೊಂದು ಬಂದವು. ಕಟ್ಟಿಹಾಕಿದ್ದ ಹೊಟ್ಟೆ ಬಿಟ್ಟ ಎತ್ತಾಯಿತು. ಮಾರ್ಚಿನಲ್ಲಿ ಮತ್ತೆ ಯಂತ್ರ ಹತ್ತಿದ. ನೂರಾ ಹನ್ನೆರಡು. ಮೊದಲಿಗಿಂತ ಮೂರು ಹೆಚ್ಚು.

"ಕ್ಷಮಿಸಿ ಕಾಕಾ" ಎಂದಳು ಹರ್ಷದಾ. ಈ ಸಲ ಅವಳು ನಗಲಿಲ್ಲ.

ಅವನ ಕೋಣೆಗೆ ತಳೇಗಾಂವದ ಸೈಟಿನಿಂದ ದತ್ತು ಎಂಬ ಆಪರೇಟರ್ ಬಂದ. ಧರ್ಮಣ್ಣನ ಕೈಗೆ ಹಸಿರು ಬಾವುಟ, ಬಾಯಿಗೆ ಸೀಟಿ ಕೊಟ್ಟು ನೆಲದಲ್ಲಿ ನಿಲ್ಲಿಸಿದರು. ಮಾಲು ಕಟ್ಟಿದ್ದು ಸರಿಯಿದೆಯೋ ನೋಡಿ ಕ್ರೇನಿಗೆ ಸನ್ನೆ ಮಾಡುವ ಕೆಲಸ. ಮೊದಲ ದಿನ ಯಾವನೋ ಲಾರಿಯ ಡ್ರೈವರ್ "ಏ, ಸರಿ ಅತ್ತಾಗೆ" ಎಂದ. ಧರ್ಮಣ್ಣ ಸರಿದ. ಸಂಜೆ ಖಾನಾವಳಿಯ ಹಿಂದೆ ನೀರಿನ ಪೀಪಾಯಿಯ ಪಕ್ಕ ನಿಂತು, ಟವೆಲ್ಲು ಬಾಯಿಗೊತ್ತಿಕೊಂಡು ಅತ್ತ. ತಿಪ್ಪವ್ವ ನೋಡಿ, ಒಲೆಯ ಕಡೆಗೆ ತಿರುಗಿಕೊಂಡಳು.

ರಾತ್ರಿಯ ಊಟಕ್ಕೆ ಅವನು ತಟ್ಟೆ ತಳ್ಳಿ, "ನಾಳಿಂದ ಮತ್ತ ಓಟ್ಸು" ಎಂದಾಗ ಮಾತ್ರ ಅವಳಿಗೆ ರೇಗಿತು.

"ಆ ಅಂಟು ಮತ್ತ ನನ್ನ ಮನಿಯಾಗ ಬ್ಯಾಡ್ರಿ! ಸಾಯೂತನ ಓಟ್ಸ್ ತಿಂತೀರೇನು? ತಿಂತೀನಿ ಅಂದ್ರ ತಿನ್ರಿ. ಬಿಡ್ತೀರಂದ್ರ ಹಿಡೀಲೇಬ್ಯಾಡ್ರಿ."

"ಮತ್ತೇನ್ ಮಾಡ್ಲಿ? ಹಸಗೊಂಡು ಕುಂತಾಗ ಕಣ್ಣಿಗಿ ಕತ್ತಲಿ ಬಂದಿತ್ತು ನನಗ. ಕೆಳಗ ಹದಿನಾಕ ಮಂದಿ ಇದ್ರು" ಎಂದ ಧರ್ಮಣ್ಣ. ಬಾಯಿ ತಪ್ಪಿ ಬಂದುಹೋಯಿತು.

ತಿಪ್ಪವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅವನು ತಳ್ಳಿದ್ದ ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟು, "ನಾಳಿಂದ ಮಧ್ಯಾಹ್ನ ಇಲ್ಲೇ ಬರ್ರಿ" ಎಂದಳು. "ನಾ ಹಾಕಿದ್ದು ಉಣ್ರಿ. ಭಾಳ ಏನಿಲ್ಲ."

ಬೇರೆ ದಾರಿಯೂ ಇರಲಿಲ್ಲ. ನೆಲದಲ್ಲಿದ್ದವನಿಗೆ ಯಾರು ವಡಾಪಾವ್ ತರುತ್ತಾರೆ? ಪೇಢೆಗಳೆಲ್ಲ ಈಗ ದತ್ತುವಿನ ಕಡೆಗೆ ಏರುತ್ತಿದ್ದವು. ಒಂದು ಗಂಟೆಗೆ ಧರ್ಮಣ್ಣ ಬೆಂಚಿಗೆ ಬರುವನು. ಎರಡು ರೊಟ್ಟಿ, ಪುಂಡಿಪಲ್ಯವೋ ಬೇಳೆಯೋ ತಟ್ಟೆ ತುಂಬ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಅಮಾವಾಸ್ಯೆ ಬಂದರೆ ಒಂದು ಹೋಳಿಗೆ. ಮೂರನೇ ರೊಟ್ಟಿ ಕೇಳಿದರೆ ತಿಪ್ಪವ್ವ "ಇದನ್ನ ಅಗದು ಉಣ್ರಿ ಮೊದಲ" ಎನ್ನುವಳು. ಅಗಿದು ಉಣ್ಣುವಷ್ಟರಲ್ಲಿ ಮೂರನೆಯದರ ಆಸೆ ಹೋಗಿರುತ್ತಿತ್ತು, ಎಲ್ಲ ದಿನವೂ ಅಲ್ಲ, ಹೆಚ್ಚಿನ ದಿನ. ಸೀಟಿ ಊದುತ್ತ ಇಡೀ ದಿನ ಸೈಟು ಸುತ್ತುತ್ತಿದ್ದ. ಇಪ್ಪತ್ತೊಂದು ವರ್ಷ ನಡೆಯದೇ ಉಳಿಸಿಕೊಂಡದ್ದನ್ನೆಲ್ಲ ಆ ಆರು ತಿಂಗಳಲ್ಲಿ ನಡೆದ.

ತೂಕ ನೋಡಿಕೊಳ್ಳುವುದನ್ನೇ ಬಿಟ್ಟಿದ್ದ. ಹುಮ್ಮಸ್ಸೇ ಇರಲಿಲ್ಲ. ಒಂದು ದಿನ ಪ್ಯಾಂಟು ಜಾರಿತು, ಅದೂ ಸನ್ನೆ ಮಾಡಲು ಎರಡೂ ಕೈ ಎತ್ತಿದಾಗ. ಇಡೀ ಸೈಟು ಸೀಟಿ ಹೊಡೆಯಿತು. ಅಂದೇ ಸಂಜೆ ಧನುಶ್ರೀ ಬಂದಳು, ಕೆನ್ನೆ ಮೊದಲಿಗಿಂತ ದುಂಡಗೆ.

"ಅಂಕಲ್! ಯಾವ ಡಯಟ್ ಇದು? ನಂದು ಒಂಬತ್ತು ಹೋಗಿ ಹನ್ನೊಂದು ವಾಪಸ್ ಬಂತು."

"ಡಯಟ್ ಅಲ್ಲವ್ವ, ಮಧ್ಯಾಹ್ನದ ಊಟ" ಎಂದ ಧರ್ಮಣ್ಣ.

ಧನುಶ್ರೀ ಬೆಂಚಿನ ಮೇಲೆ ಕೂತು, "ಆಂಟಿ, ನಂಗೂ ಎರಡು. ಪಾರ್ಸೆಲ್ ಬೇಡ, ಇಲ್ಲೇ" ಎಂದಳು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ತೊಂಬತ್ತೇಳು. ಹರ್ಷದಾ ಅವನನ್ನು ಎರಡು ಸಲ ಇಳಿಸಿ ಹತ್ತಿಸಿ ನೋಡಿದಳು. ಇಂಜಿನಿಯರ್ ಮಧುಕರ್, ಬೆಂಗಳೂರಿನ ಕಡೆಯವನು, ಸೇಫ್ಟಿ ಬೆಲ್ಟನ್ನು ಅವನ ಕೈಗಿಟ್ಟು ಬೆನ್ನು ತಟ್ಟಿ, "ನಾಳೆಯಿಂದ ಮೇಲೆ ಹೋಗಪ್ಪಾ ರಾಜ. ದತ್ತು ಕೈಲಿ ಸ್ಲ್ಯಾಬ್ ಕೆಲಸ ಸಾಗ್ತಿಲ್ಲ" ಎಂದ.

ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಾತು. ಧರ್ಮಣ್ಣನ ಎದೆ ಉಬ್ಬಿತು. ಮರುಗಳಿಗೆಗೆ ಕೂತಲ್ಲೇ ಕೂರುವ ಆ ಹತ್ತು ತಾಸು, ಇಳಿಯುವ ಆ ಚೀಲ, ಏರುವ ಆ ಹೋಳಿಗೆ ಕಣ್ಣಮುಂದೆ ಬಂದವು. ಇನ್ನಾರು ತಿಂಗಳಲ್ಲಿ ಇದೇ ಯಂತ್ರದ ಮೇಲೆ ನೂರಾ ಹದಿನೈದಾಗಿ ನಿಂತಿರುವ ತಾನೂ ಕಂಡ.

"ಸಾಹೇಬ್ರ, ಒಂದಕ್ಕ ಊಟಕ್ಕ ಇಳೀತೀನ್ರಿ. ದಿನಾ."

"ಆಗಲ್ಲ ಧರ್ಮಣ್ಣ! ಹತ್ತಿ ಇಳಿದು ಊಟ ಮಾಡೋಕೆ ಒಂದು ಗಂಟೆ ಬೇಕು. ಕ್ರೇನ್ ನಿಂತ್ರೆ ಎಲ್ಲಾರೂ ನಿಲ್ತಾರೆ. ಊಟ ಮೇಲಕ್ಕೇ ಕಳಿಸ್ತಾರಲ್ಲ, ರಾಜನ ತರ ತಿನ್ನು."

ಧರ್ಮಣ್ಣ ಕೈಯಲ್ಲಿದ್ದ ಸೇಫ್ಟಿ ಬೆಲ್ಟನ್ನು ಮೇಜಿನ ಮೇಲಿಟ್ಟ.

"ಹಂಗಿದ್ರ ನನ್ನ ಕೆಳಗೇ ಇರಗೊಡ್ರಿ."

ಹೇಳಿದ ಮೇಲೆ ಅವನಿಗೇ ದಿಗಿಲಾಯಿತು. ಆ ಕೋಣೆಗಾಗಿ ಅವನು ಕಾಲು ಹಿಡಿದಿದ್ದ, ಹಸಿದಿದ್ದ, ಅತ್ತಿದ್ದ. ಈಗ ಬೇಡವೆಂದದ್ದೂ ಅವನ ಬಾಯಿಯೇ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಧುಕರ್ ಹರ್ಷದಾಳ ಮುಖ ನೋಡಿದ. ಅವಳು, "ಆಪರೇಟರಿಗೆ ಊಟದ ಬಿಡುವು ನಮ್ಮ ನಿಯಮದಲ್ಲಿ ಮೊದಲಿನಿಂದಲೂ ಇದೆ ಸರ್. ಇದುವರೆಗೆ ಯಾರೂ ಕೇಳಿರಲಿಲ್ಲ ಅಷ್ಟೆ" ಎಂದು ಹೇಳಿ, ಬೆಲ್ಟನ್ನು ಎತ್ತಿ ಧರ್ಮಣ್ಣನ ಕೈಗೇ ಕೊಟ್ಟಳು. ಮಧುಕರ್ ಗೊಣಗಿದ, ಒಪ್ಪಿದ.

ಮಾರನೇ ಬೆಳಿಗ್ಗೆ ಧರ್ಮಣ್ಣ ಏಣಿ ಏರಿದ. ಹಿಂದೆ ನಾಲ್ಕು ಕಡೆ ನಿಂತು ಏದುಸಿರು ಬಿಡುತ್ತಿದ್ದವನು ಇಂದು ಒಂದೇ ಕಡೆ ನಿಂತ. ಮಧ್ಯಾಹ್ನದವರೆಗೆ ಮಾಲು ಹೂವಿನಂತೆ ಇಳಿಸಿದ. ಒಂದು ಗಂಟೆಗೆ ಐದು ನಿಮಿಷ ಇರುವಾಗ ವಾಕಿಟಾಕಿ ಒದರತೊಡಗಿತು. ಸರಳಿನವರು ಒಂದೇ ಒಂದು ಕಟ್ಟು ಅಣ್ಣಾ ಎಂದರು, ಸೆಂಟ್ರಿಂಗ್‌ನವರು ಹಲಗೆ ಎಂದರು, ಬಿಹಾರದ ಮುಕಾದಮ ಕಾಂಕ್ರೀಟಿನ ಬಕೆಟ್ಟು ತುಂಬಿ ನಿಂತಿದೆ ಎಂದ. ಧರ್ಮಣ್ಣ ಬಕೆಟ್ಟೊಂದನ್ನು ಸುರಿದು ಬಂದು, ಕೊಕ್ಕೆ ಮೇಲೆತ್ತಿ, ಮೋಟಾರು ಬಂದ್ ಮಾಡಿದ.

"ಊಟ ಆತೇನ್ರೋ ನಿಮ್ದು?" ಎಂದ ವಾಕಿಟಾಕಿಯಲ್ಲಿ.

ಇಷ್ಟು ವರ್ಷ ಅವನ ಹೊಟ್ಟೆ ತುಂಬಿಸಿದವರಲ್ಲಿ ಒಬ್ಬನನ್ನೂ ಅವನು ಈ ಮಾತು ಕೇಳಿರಲಿಲ್ಲ.

"ಇಲ್ಲಣ್ಣಾ" ಎಂದಿತು ಒಂದು ದನಿ.

"ಹಂಗಾದ್ರ ಕೈ ತೊಳಕೋರಿ. ನಾ ಇಳಿಯಾಕತ್ತೀನಿ, ಕೂಡೇ ಉಣ್ಣೂಣು."