ಅಕ್ಕೂರಿನ ಕ್ಯಾಸೆಟ್ಟಿನಲ್ಲಿ ನಕ್ಕ ಹುಡುಗಿ

“ಯಾವ ಸೀಮೆಯೋಳವ್ವ ನೀನು? ಕನ್ನಡ ಬರಾಕಿಲ್ವಾ?”

ಚನ್ನಪಟ್ಟಣದಲ್ಲಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ದಿನ, ಅಕ್ಕೂರಿನ ಬಸ್ಸಿನಲ್ಲಿ ಒಬ್ಬ ಅಜ್ಜಿ ಹೀಗೆ ಕೇಳಿಬಿಟ್ಟರು. ಬಾಗಿಲಲ್ಲಿ ಗುಂಪಾಗಿ ನಿಂತವರಿಗೆ ನಾನು “ಒಳಗ ಸರೀರಿ, ಎಲ್ಲಿಗೆ ಹೊಂಟೀರಿ?” ಎಂದಿದ್ದೆ, ಅಷ್ಟೇ. ಹುಟ್ಟಿದಾಗಿನಿಂದ ಕನ್ನಡವೊಂದನ್ನೇ ಆಡಿದವಳು ನಾನು. ಬಸ್ಸು ತುಂಬ ಜನ ನಕ್ಕರು. ನಾನೂ ನಕ್ಕೆ; ಆದರೆ ಡಿಪೋಗೆ ಹಿಂದಿರುಗುವವರೆಗೂ ಬಾಯಿ ಬಿಡಲು ಹೆದರಿಕೆಯಾಗುತ್ತಿತ್ತು.

ರೋಣದ ಕಡೆಯ ನಮ್ಮ ಎರೆಹೊಲಗಳಲ್ಲಿ ನಿಂತರೆ ನಾಲ್ಕು ದಿಕ್ಕಿಗೂ ಆಕಾಶ ನೆಲ ಮುಟ್ಟುವುದು ಕಾಣುತ್ತದೆ. ಇಲ್ಲಿ ಯಾವ ಕಡೆ ತಿರುಗಿದರೂ ಬಂಡೆಯೋ ತೆಂಗಿನ ಮರವೋ ಅಡ್ಡ ಬರುತ್ತದೆ. ಅಲ್ಲಿ ರೊಟ್ಟಿಯನ್ನು ಮುರಿದು ಅಗಿಯುತ್ತಿದ್ದವಳು ಇಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಬೇಕಾಯಿತು. ಕಲಿಸಿದವರು ನನ್ನ ಮನೆ ಒಡತಿ ಜಯಮ್ಮ. ಅವರ ಮನೆಯ ಮಹಡಿಯ ಕೋಣೆ ನನಗೆ ಸಿಕ್ಕಿತ್ತು. ಅರವತ್ತು ದಾಟಿದ ಹೆಂಗಸು, ಅಕ್ಕೂರಿನ ಮಗಳು. ಬೆಳಿಗ್ಗೆ ಮನೆಯ ಮುಂದೆಯೇ ಇಡ್ಲಿ ಮಾಡಿ ಮಾರುತ್ತಿದ್ದರು. “ಅಲ್ಲಿ ಮಡಗು”, “ಒಸಿ ತಡಿ” ಎನ್ನುತ್ತಿದ್ದರು. ಮಡಗು ಎಂದರೆ ಇಡು, ಒಸಿ ಎಂದರೆ ಸ್ವಲ್ಪ ಎಂದು ನಾನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೆ.

ಜಯಮ್ಮ ದಿನಾ ಸಂಜೆ ಹಿಟ್ಟು ರುಬ್ಬಿ ಮುಗಿಸಿ ಒಂದು ಹಳೇ ಕ್ಯಾಸೆಟ್ ಹಾಕುತ್ತಿದ್ದರು. ತಂಬೂರಿ ಪದ. ನಮ್ಮ ಕಡೆಯ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ನಡೆದರೆ ದನಿ ಹಿಂದೆ ಹೋಗುತ್ತದೆ. ಇಲ್ಲಿ ಒಬ್ಬನೇ ಮನುಷ್ಯ ತಂಬೂರಿ ಮೀಟುತ್ತ, ಹಾಡುತ್ತ, ನಡುನಡುವೆ ಕತೆ ಹೇಳುತ್ತ ಹೋಗುತ್ತಾನೆ. ಹಾಡಿದವರು ಸಿಂಗಯ್ಯ ಎಂಬುವರು. ಜಯಮ್ಮ ಹದಿನೈದು ಹದಿನಾರರ ಹುಡುಗಿಯಾಗಿದ್ದಾಗ ಅಕ್ಕೂರಿನ ಶಾಲೆಯ ಅಂಗಳದಲ್ಲಿ ಒಂದು ಮಧ್ಯಾಹ್ನ ಸಿಂಗಯ್ಯ ಹಾಡಿದ್ದರಂತೆ. ಯಾರೋ ಎದುರಿಗೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿದ್ದರು.

ನನಗೆ ಅದು ಬಹಳ ಕೆಟ್ಟ ರೆಕಾರ್ಡಿಂಗ್ ಅನ್ನಿಸಿತ್ತು. ಒಬ್ಬರು ಕೆಮ್ಮುತ್ತಾರೆ, ಮಗು ಅಳುತ್ತದೆ, ಯಾರೋ “ಮುಂದಕ್ಕೆ ಕೂತ್ಕಳ್ಲಾ” ಎಂದು ಗದರುತ್ತಾರೆ. ಇನ್ನೇನು ಕತೆಯಲ್ಲಿ ತಾಯಿ ಮಗನನ್ನು ಕಳೆದುಕೊಂಡು ಗೋಳಾಡಬೇಕು, ಅಷ್ಟರಲ್ಲಿ ಒಬ್ಬ ಹುಡುಗಿ ಕಿಲಕಿಲ ನಗುತ್ತಾಳೆ. ಸಿಂಗಯ್ಯ ಹಾಡು ನಿಲ್ಲಿಸಿ, “ಯಾವಳವ್ವ ಅದು? ನಾನಿಲ್ಲಿ ಅಳ್ತಾ ಇವ್ನಿ, ನೀನು ನಗಾಡ್ತೀಯಲ್ಲ!” ಎನ್ನುತ್ತಾರೆ. ಇಡೀ ಅಂಗಳ ನಗುತ್ತದೆ. ಆಮೇಲೆ ಮತ್ತೆ ಹಾಡು.

“ಅದು ನಾನೇ ಕಣವ್ವ,” ಎಂದರು ಜಯಮ್ಮ ಒಂದು ದಿನ.

“ಯಾಕೆ ನಕ್ಕಿರಿ?”

“ಅದೇ ನೆನಪಾಗ್ತಿಲ್ಲ. ದಿನಾ ಕೇಳ್ತೀನಿ, ಇವತ್ತಾದ್ರೂ ಹೊಳೀತದೇನೋ ಅಂತ.”

ಆವತ್ತಿನಿಂದ ನನಗೂ ಅದೇ ಕುತೂಹಲ ಹತ್ತಿತು. ಕೆಲಸ ಮುಗಿಸಿ ಬಂದವಳು ಕೋಣೆಗೆ ಹೋಗದೆ ಅವರ ಪಕ್ಕದಲ್ಲೇ ಕೂರುತ್ತಿದ್ದೆ. ಆ ನಗು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈ ಊರಿನಲ್ಲಿ ಒಂಟಿತನ ಮರೆಯುತ್ತಿದ್ದ ಹೊತ್ತು ನನಗೆ ಅದೊಂದೇ.

ಒಂದು ಸಂಜೆ ಟೇಪು ಮೆಷಿನ್ನಿಗೆ ಸಿಕ್ಕಿಕೊಂಡಿತು. “ನಾನು ಸರಿ ಮಾಡಿಸ್ತೀನಿ” ಎಂದು ಎರಡನ್ನೂ ರಾಮನಗರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ವಾರದ ನಂತರ ಅಂಗಡಿಯವನು ಸರಿಯಾದ ಮೆಷಿನ್ನಿನ ಜೊತೆಗೆ ಒಂದು ಪೆನ್‌ಡ್ರೈವ್ ಕೈಗಿಟ್ಟ. ಕಾಪಿ ಮಾಡುವಾಗಲೇ ಟೇಪು ಹಲವು ಕಡೆ ಹರಿದು ಹೋಯಿತಂತೆ, ಎಸೆದೆ ಎಂದ. “ಆದ್ರೆ ಮೇಡಂ, ಗಲಾಟೆ ಎಲ್ಲಾ ತೆಗ್ದು ಕ್ಲೀನ್ ಮಾಡ್ಬುಟ್ಟಿವ್ನಿ, ಕೇಳಿ!”

ನಾನು ಕೇಳದೆ ತಂದೆ. ಖುಷಿಯಿಂದ ಜಯಮ್ಮನ ಟಿವಿಗೆ ಸಿಕ್ಕಿಸಿ ಅವರ ಮುಂದೆ ಹಾಕಿದೆ. ಸಿಂಗಯ್ಯನ ದನಿ ಈಗಷ್ಟೇ ಹಾಡಿದಂತೆ ಸ್ವಚ್ಛವಾಗಿತ್ತು. ಕೆಮ್ಮು ಇಲ್ಲ, ಮಗು ಇಲ್ಲ. ತಾಯಿಯ ಗೋಳು ಬಂತು. ಎಲ್ಲೂ ನಿಲ್ಲದೆ ಮುಗಿದೇ ಹೋಯಿತು.

ಜಯಮ್ಮ ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ, “ಸಿಂಗಯ್ಯ ಒಬ್ನೇ ಹಾಡ್ತಾವ್ನೆ. ಜನ ಎಲ್ಲೋದ್ರವ್ವ?” ಎಂದರು.

ಅಂಗಡಿಗೆ ಓಡಿದೆ. ಅವನು ಮೊದಲಿನ ಕಾಪಿಯನ್ನೂ ಅಳಿಸಿದ್ದ. ಜಯಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಹೊತ್ತು ಆ ಮನೆಯಲ್ಲಿ ಕೂರುವುದು ನನಗೆ ಕಷ್ಟವಾಯಿತು.

ನನಗೆ ಇದ್ದ ದಾರಿ ಒಂದೇ, ನನ್ನ ಬಸ್ಸು. ಟಿಕೆಟ್ ಕೊಡುತ್ತಲೇ ವಯಸ್ಸಾದವರನ್ನೆಲ್ಲ ಕೇಳತೊಡಗಿದೆ: ಅಕ್ಕೂರಿನ ಶಾಲೆಯಲ್ಲಿ ಸಿಂಗಯ್ಯ ಹಾಡಿದ ಕ್ಯಾಸೆಟ್ ನಿಮ್ಮ ಮನೆಯಲ್ಲಿ ಇದೆಯಾ? ಒಂದು ಕಾಲಕ್ಕೆ ಅದರ ಕಾಪಿಗಳು ಊರೆಲ್ಲ ಓಡಾಡಿದ್ದವಂತೆ, ಈಗ ಯಾರ ಹತ್ತಿರವೂ ಇರಲಿಲ್ಲ. ಆದರೆ ಆಶ್ಚರ್ಯ, ಅದನ್ನು ಎಷ್ಟೊಂದು ಜನ ಬಲ್ಲರು! ಒಬ್ಬ ರೈತರು, “ಅದ್ರಲ್ಲಿ ಕೆಮ್ತಾರಲ್ಲ, ಅದು ನಮ್ಮಪ್ಪ ಕಣಮ್ಮ. ಫೋಟೋದಾಗೆ ಬಿಗ್ದುಕೊಂಡು ನಿಂತವ್ನೆ, ಕ್ಯಾಸೆಟ್ನಲ್ಲಾದ್ರೆ ನಮ್ಮಪ್ಪ ನಮ್ಮಪ್ಪನಂಗೇ ಅವ್ನೆ,” ಎಂದರು. ಇನ್ನೊಬ್ಬಾಕೆ, ಅದರಲ್ಲಿ ಅಳುವ ಮಗು ತನ್ನ ತಮ್ಮ, ಈಗ ಮಾಗಡಿಯಲ್ಲಿ ಮೇಷ್ಟ್ರು ಎಂದರು. ಹಾಡಿನ ಒಂದು ಸಾಲನ್ನೂ ಹೇಳಲಾರದವರು ಅದರ ನಡುವಿನ ಗದ್ದಲವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ನಾನು ಗದ್ದಲ ಎಂದುಕೊಂಡಿದ್ದು ಒಂದು ಊರಾಗಿತ್ತು.

ಕೊನೆಗೆ ಸಿಕ್ಕವರು ರಾಮನಗರದ ರೆಹಮತ್ ಸಾಬರು. ನೂಲು ಬಿಚ್ಚಾಣಿಕೆಯ ಕೆಲಸ, ಅಂದರೆ ರೇಷ್ಮೆಗೂಡಿನಿಂದ ದಾರ ತೆಗೆಯುವ ಕೆಲಸ ಮಾಡಿ ಬಿಟ್ಟವರು. ಅಕ್ಕೂರಿನ ಹಳೇ ಸ್ನೇಹಿತರನ್ನು ನೋಡಲು ನಮ್ಮ ಬಸ್ಸಿಗೆ ಹತ್ತಿದ್ದರು.

“ನಮ್ಮತ್ರ ಐತಮ್ಮ! ಅಕ್ಕೂರಿಂದ ಗೂಡು ತರ್ತಿದ್ನಲ್ಲ, ಅವಾಗ್ಲೇ ಒಂದು ಕಾಪಿ ಇಸ್ಕಂಡಿದ್ದೆ. ಕೆಲ್ಸ ಮಾಡ್ತಾ ದಿನಾ ಹಾಕೋದು. ಆದ್ರೆ ಕೊಡಾಕಿಲ್ಲ. ನಾನೇ ತಗೊಂಡು ಬತ್ತೀನಿ.”

ಭಾನುವಾರ ಬೆಳಿಗ್ಗೆ ಇಡ್ಲಿ ವ್ಯಾಪಾರ ಮುಗಿದ ಮೇಲೆ ಅವರು ಬಂದರು. ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಇನ್ನೊಮ್ಮೆ ಕಳೆಯಬಾರದೆಂದು ನಾನು ಮೆಷಿನ್ ಪಕ್ಕದಲ್ಲಿ ನನ್ನ ಫೋನಿಟ್ಟು ರೆಕಾರ್ಡ್ ಒತ್ತಿದೆ. ಕೆಮ್ಮು ಬಂತು, ಮಗು ಬಂತು. ತಾಯಿಯ ಗೋಳು ಹತ್ತಿರವಾದಂತೆ ಜಯಮ್ಮ ಸೆರಗಿನ ತುದಿ ಹಿಡಿದುಕೊಂಡರು. ನಗು ಕೇಳಿಸಿತು. “ಯಾವಳವ್ವ ಅದು?” ಎಂದು ಸಿಂಗಯ್ಯನ ಜೊತೆಗೆ ರೆಹಮತ್ ಸಾಬರೂ ಕೂಗಿದರು.

“ನಾನೇ!” ಎಂದುಬಿಟ್ಟರು ಜಯಮ್ಮ.

ಸಾಬರು ಬೆರಗಾಗಿ ಅವರನ್ನೇ ನೋಡಿದರು. “ನೀವೇನಾ ಆ ಹುಡ್ಗಿ? ನಮ್ಮ ಮನೆಯೋರು ಕೊನೇಗಂಟ ಕೇಳ್ತಿದ್ರು, ಯಾಕಂಗೆ ನಗ್ತಾಳೆ ಅಂತ. ನಾವೆಲ್ಲಾ ಒಬ್ಬೊಬ್ರು ಒಂದೊಂದು ಹೇಳೋರು. ಹೇಳಿ ತಾಯಿ, ಯಾಕೆ ನಕ್ರಿ?”

“ಗೊತ್ತಿಲ್ಲ ಸಾಬ್ರೇ,” ಎಂದು ಹೇಳುತ್ತಲೇ ಜಯಮ್ಮ ನಗತೊಡಗಿದರು. ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಬರುವಷ್ಟು. ನಾವಿಬ್ಬರೂ ನಕ್ಕೆವು. ಕಾರಣ ಮೂವರಿಗೂ ತಿಳಿದಿರಲಿಲ್ಲ. ಜಯಮ್ಮ ಇನ್ನೊಮ್ಮೆ ಹಾಕು ಎಂದರು; ನಾನು ಟೇಪು ಹಿಂದಕ್ಕೆ ಓಡಿಸಿ ಆ ಜಾಗ ಹುಡುಕಿದೆ. ಆ ರೆಕಾರ್ಡಿಂಗನ್ನು ಇವರು ಇಷ್ಟು ವರ್ಷ ಯಾಕೆ ಬಿಡಲಿಲ್ಲ ಎಂಬುದು ಆಗ ಸ್ವಲ್ಪ ಹೊಳೆಯಿತು. ಅದರಲ್ಲಿ ಎಲ್ಲರೂ ಇನ್ನೂ ಆ ಮಧ್ಯಾಹ್ನದಲ್ಲೇ ಕೂತಿದ್ದಾರೆ.

ಫೋನಿನಲ್ಲಿ ಹಿಡಿದದ್ದನ್ನು ಏನೂ ಕತ್ತರಿಸದೆ ಊರಿಗೆ, ನನ್ನ ಅವ್ವನಿಗೆ ಕಳಿಸಿದೆ. ಸಂಜೆ ಅವಳ ಫೋನು ಬಂತು.

“ಹಾಡು ಚಲೋ ಐತಿ. ಪೂರಾ ತಿಳೀಲಿಲ್ಲ, ಆದ್ರ ಚಲೋ ಐತಿ. ನಡುವ ಒಬ್ಬಾಕಿ ಮಾತಾಡ್ತಾಳಲ್ಲ, ‘ತಡೀರಕ್ಕ, ಇನ್ನೊಂದ್ಸಲ ಹಾಕ್ತೀನಿ, ಇಲ್ಲೇ ಐತೆ’ ಅಂತ, ಆಕಿ ಯಾರ? ಆ ಕಡೆಯವರ ಹಂಗ ಮಾತಾಡ್ತಾಳ, ಮನಿ ಮಾಲಕಿ ಮಗಳೇನು?”

“ನಾನ ಬೇ,” ಎಂದೆ.

ಫೋನಿನ ಆ ಕಡೆ ಅಂಗಳದಲ್ಲಿ ನಮ್ಮ ಎಮ್ಮೆ ಕೂಗಿದ್ದು ಕೇಳಿಸಿತು. ಅದು ನಮ್ಮ ಎಮ್ಮೆ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು.

“ತಡಿ,” ಎಂದಳು ಅವ್ವ. “ಫೋನ್ ಇಡ್ತೇನಿ. ಇನ್ನೊಮ್ಮಿ ಕೇಳಿ ನೋಡ್ತೇನಿ.”